ಕಾಕು ಎಳೆದ ಕೆಂಪು ಗೆರೆ

ದೀಪಾವಳಿ ಹತ್ತಿರ ಬಂತೆಂದು ಮನೆಗೆ ಬಣ್ಣ ಮಾಡಿಸುತ್ತಿದ್ದೆ. ಬಾಗಿಲುಗಳಿಗೆ ಸ್ಯಾಂಡ್‌ಪೇಪರ್ ತಿಕ್ಕಿ ತಿಕ್ಕಿ ಮನೆಯೆಲ್ಲ ಮರದ ಪುಡಿ, ಮೂಗಿಗೆ ಅಡರುವ ಟರ್ಪೆಂಟೈನ್ ವಾಸನೆ. ಬಣ್ಣದವರೆಂದರೆ ನನಗೆ ಮೊದಲೇ ಸಿಡುಕು. ವಾರದಲ್ಲಿ ಮುಗಿಸುತ್ತೇವೆ ಎಂದು ಬಂದವರು ತಿಂಗಳುಗಟ್ಟಲೆ ಠಿಕಾಣಿ ಹೂಡುತ್ತಾರೆ. ಅಡುಗೆಮನೆಯಲ್ಲಿ ಡಬ್ಬಿಗಳ ಮೇಲೆ ಹಳೆ ಸೀರೆ ಹೊದಿಸುತ್ತಿದ್ದಾಗ ಮಗಳ ಕೋಣೆಯಿಂದ ಬಣ್ಣದವನು ಕೂಗಿದ. “ಮ್ಯಾಡಮ್, ಯೇ ನಿಶಾನ್ ರಖನಾ ಹೈ, ಕಿ ಘಿಸ್ ದೂಂ?”

ಎಂಥ ಗುರುತು, ಉಳಿಸುವುದೇನು, ಉಜ್ಜಿ ತೆಗೆಯುವುದೇನು ಎಂದು ಗೊಣಗುತ್ತ ಹೋದೆ. ಅವನು ಬಾಗಿಲನ್ನು ಪೂರ್ತಿ ತೆರೆದು ಚೌಕಟ್ಟಿನ ಹಿಂಬದಿಯನ್ನು ತೋರಿಸಿದ. ಅಲ್ಲಿ ಪೆನ್ಸಿಲ್ ಗೆರೆಗಳು, ಒಂದರ ಮೇಲೊಂದು. ಪ್ರತಿಯೊಂದರ ಪಕ್ಕದಲ್ಲೂ ಮಗಳು ತಾನು ಆಗ ಓದುತ್ತಿದ್ದ ತರಗತಿಯನ್ನು ಮರಾಠಿಯಲ್ಲಿ ಬರೆದಿದ್ದಾಳೆ. ತಲೆಯ ಮೇಲೆ ಸ್ಕೇಲಿಟ್ಟುಕೊಂಡು ತಾನೇ ಎಳೆದುಕೊಂಡಿರಬೇಕು, ಗೆರೆಗಳೆಲ್ಲ ಸೊಟ್ಟ. ನನಗೆ ಕಾಣಬಾರದೆಂದು ಬಾಗಿಲ ಮರೆ ಹುಡುಕಿಕೊಂಡಿದ್ದಾಳೆ.

ಯಾಕೆಂದರೆ ನಾನು ನನ್ನ ಮಗಳ ಎತ್ತರವನ್ನು ಯಾವತ್ತೂ ಅಳೆದವಳಲ್ಲ. ಡಾಕ್ಟರ ಹತ್ತಿರ ಹೋದಾಗ ನರ್ಸ್ ಅವಳನ್ನು ಗೋಡೆಗೆ ನಿಲ್ಲಿಸಿದರೆ ನಾನು ಮೊಬೈಲ್ ನೋಡುತ್ತೇನೆ. ಯೂನಿಫಾರ್ಮ್ ಹೊಲಿಯುವವನು ಟೇಪು ಹಿಡಿದರೆ ಅಂಗಡಿಯಿಂದ ಹೊರಗೆ ಬಂದು ನಿಲ್ಲುತ್ತೇನೆ. ನನ್ನ ಗಂಡ ಇದನ್ನು ಹುಚ್ಚು ಎನ್ನುತ್ತಾನೆ. ಇರಬಹುದು. ಆ ಹುಚ್ಚು ಎಲ್ಲಿಂದ ಬಂತೆಂದು ಅವನಿಗೂ ನಾನು ಪೂರ್ತಿ ಹೇಳಿಲ್ಲ. ಮೊದಲು ಹಾಲ್ ಮುಗಿಸು ಎಂದು ಬಣ್ಣದವನನ್ನು ಆಚೆ ಕಳಿಸಿ ಮಗಳ ಮಂಚದ ಮೇಲೆ ಕೂತೆ. ಟರ್ಪೆಂಟೈನ್ ವಾಸನೆ ಕೋಣೆಯಲ್ಲಿ ಹಾಗೇ ನಿಂತಿತ್ತು… ಅದರ ಹಿಂದೆಯೇ ಕಾಕು ನೆನಪಿಗೆ ಬಂದರು.

ಆಗ ನಾವು ಇದೇ ನಾಗಪುರದ ಅಜನಿಯ ರೈಲ್ವೆ ಕ್ವಾರ್ಟರ್ಸಿನಲ್ಲಿದ್ದೆವು. ಅಪ್ಪ ಮೈಸೂರಿನಿಂದ ವರ್ಗವಾಗಿ ಬಂದು ಸಿಗ್ನಲ್ ಆಫೀಸಿನಲ್ಲಿದ್ದರು. ನಮ್ಮ ಮನೆಯ ಜೊತೆ ಒಂದೇ ಗೋಡೆ ಹಂಚಿಕೊಂಡ ಪಕ್ಕದ ಮನೆ ಕಾಕುವಿನದು, ಮರಾಠಿಯಲ್ಲಿ ಚಿಕ್ಕಮ್ಮನಿಗೆ ಹಾಗನ್ನುತ್ತಾರೆ. ಅವರ ಗಂಡ, ನಾವು ಕಾಕಾ ಎನ್ನುತ್ತಿದ್ದವರು, ಲೋಕೋ ಶೆಡ್ಡಿನಲ್ಲಿ ಫಿಟ್ಟರ್. ಗದಗಿನ ಕಡೆಯವರು. ಒಬ್ಬಳೇ ಮಗಳು, ಪಮ್ಮಿ, ನನಗಿಂತ ನಾಲ್ಕೈದು ವರ್ಷ ಚಿಕ್ಕವಳು. ಕ್ವಾರ್ಟರ್ಸಿನಲ್ಲಿ ಬೇರೆ ಕನ್ನಡದವರಿರಲಿಲ್ಲ. ಹಾಗಾಗಿ ನಮ್ಮ ಅಮ್ಮನ ಮೈಸೂರು ಕನ್ನಡಕ್ಕೂ ಕಾಕುವಿನ ಗದಗಿನ ಕನ್ನಡಕ್ಕೂ ದಿನಾ ಹಿತ್ತಲ ಬಾಗಿಲಲ್ಲಿ ಭೇಟಿ. ಒಬ್ಬರ ಮಾತು ಒಬ್ಬರಿಗೆ ಅರ್ಧ ತಿಳಿಯದಿದ್ದರೂ ಇಬ್ಬರಿಗೂ ನಗಲು ಅದೇ ಸಾಕಾಗುತ್ತಿತ್ತು.

ಕಾಕು ರೊಟ್ಟಿ ಬಡಿಯುವ ಸದ್ದಿಗೇ ನಮಗೆ ಬೆಳಗಾಗುತ್ತಿತ್ತು. ಜೋಳದ ರೊಟ್ಟಿಯನ್ನು ಕಡಕ್ಕಾಗಿ ಒಣಗಿಸಿ, ಬಟ್ಟೆಯಲ್ಲಿ ಕಟ್ಟಿ, ಶೇಂಗಾ ಹಿಂಡಿಯ ಜೊತೆ ಮಾರುತ್ತಿದ್ದರು. ಕಾಮಠಿಯ ಮಿಲಿಟರಿಯಲ್ಲಿದ್ದ ಬೆಳಗಾವಿ, ವಿಜಾಪುರದ ಕಡೆಯ ಹುಡುಗರು ಭಾನುವಾರ ಬೈಕಿನಲ್ಲಿ ಬಂದು ಒಯ್ಯುತ್ತಿದ್ದರು. ಏರ್‌ಫೋರ್ಸಿನ ಹೆಂಗಸರು ಆಟೋ ಮಾಡಿಕೊಂಡು ಬರುತ್ತಿದ್ದರು. ದುಡ್ಡಿನ ವಿಷಯದಲ್ಲಿ ಕಾಕು ಗಟ್ಟಿ. ಸೀತಾಬರ್ಡಿಯ ಮಾರ್ಕೆಟ್ಟಿನಲ್ಲಿ ಅವರು ಕಿತ್ತಳೆ ಬುಟ್ಟಿಯ ಮುಂದೆ ಕೂತರೆ ಮಾರುವವನು ಮೊದಲೇ ಕೈ ಮುಗಿಯುತ್ತಿದ್ದ. ಆದರೆ ಮನೆಗೆ ಬಂದವರಿಗೆ ತುತ್ತು ಹಾಕದೆ ಕಳಿಸಿದ್ದನ್ನು ನಾನು ಕಂಡಿಲ್ಲ. ಒಂದು ಕೈ ಬಿಗಿ, ಇನ್ನೊಂದು ಕೈ ಸಡಿಲ, ಅಂಥ ಹೆಂಗಸು.

ಏರ್‌ಫೋರ್ಸಿನ ಹೆಂಗಸೊಬ್ಬರು ರಜೆಗೆ ಹೈದರಾಬಾದಿಗೆ ಹೋಗಿ ಬಂದು, ಅಲ್ಲಿನ ದೊಡ್ಡ ಅಮ್ಯೂಸ್‌ಮೆಂಟ್ ಪಾರ್ಕಿನ ಬಣ್ಣದ ಕಾಗದವೊಂದನ್ನು ಪಮ್ಮಿಯ ಕೈಗೆ ಕೊಟ್ಟರು. ಅದರಲ್ಲಿ ಒಂದು ರೈಲು ಆಕಾಶದಲ್ಲಿ ತಲೆಕೆಳಗಾಗಿ ಓಡುತ್ತಿತ್ತು. ಕೂತವರ ಕೂದಲೆಲ್ಲ ಗಾಳಿಗೆ, ಬಾಯಿಗಳೆಲ್ಲ ತೆರೆದು. ರೈಲ್ವೆಯ ಮಕ್ಕಳಾದ ನಾವು ಎಷ್ಟೋ ರೈಲು ಕಂಡವರು, ಇಂಥದ್ದನ್ನು ಕಂಡಿರಲಿಲ್ಲ. ಪಮ್ಮಿ ಆ ಕಾಗದವನ್ನು ದೇವರ ಫೋಟೋದ ಪಕ್ಕಕ್ಕೇ ಅನ್ನದ ಅಗುಳಿನಿಂದ ಅಂಟಿಸಿದಳು.

“ಅವ್ವಾ, ನಾ ಇದನ್ನ ಹತ್ತಾಕಿ.”

“ಹತ್ತೂವಂತಿ. ಮೊದಲ ರೊಕ್ಕಾ ಕೂಡಸೂಣು” ಎಂದರು ಕಾಕು.

ಹೀಗೆ ಅಂದು ಮರೆಸುವ ತಾಯಂದಿರು ಬಹಳ. ಕಾಕು ಮರೆಸಲಿಲ್ಲ. ಅಂದು ಸಂಜೆಯೇ ನಮ್ಮ ಹಿತ್ತಲ ಬಾಗಿಲಲ್ಲಿ ಕೂತು ಅಮ್ಮನ ಮುಂದೆ ಬೆರಳು ಮಡಚಿದರು. “ರೈಲ್ ಪಾಸ್‌ನ್ಯಾಗ ಪುಕ್ಕಟ. ರೊಟ್ಟಿ, ಹಿಂಡಿ ಮನೀವು. ರಾತ್ರಿ ಹೋಗಿ ಮರದಿನ ರಾತ್ರಿ ಗಾಡಿ ಹತ್ತಿದ್ರ ಲಾಜಿನ ಖರ್ಚಿಲ್ಲ. ಉಳೀದು ಬರೇ ಒಳಗ ಹೋಗೂ ಟಿಕೆಟ್, ಅಕ್ಕಾರ. ನೀವೂ ಬರ್ರಿ, ಕೂಡೇ ಹೋಗೂಣು.” ಅಮ್ಮನಿಗೂ ಆಸೆಯಾಯಿತು. ಅಪ್ಪ ಎಲ್ಲದಕ್ಕೂ ಹೇಳುವಂತೆ ಇದಕ್ಕೂ ನೋಡೋಣ ಎಂದರು.

ಕಾಕುವಿನ ಮನೆಯ ಹಪ್ಪಳದ ಡಬ್ಬಿ ಅಂದಿನಿಂದ ಪಾರ್ಕಿನ ಡಬ್ಬಿಯಾಯಿತು. ರೊಟ್ಟಿಯ ದುಡ್ಡಿನಲ್ಲಿ ಒಂದು ಪಾಲು ಅದಕ್ಕೆ. ಆ ನೋಟುಗಳಿಗೆ ಇಂಗಿನ ವಾಸನೆ. ಬೇಸಿಗೆಯಲ್ಲಿ ಊರೆಲ್ಲ ಏರ್ ಕೂಲರಿನ ಜಾಲರಿಗೆ ಹೊಸ ಹುಲ್ಲು ಹಾಕಿಸಿದರೆ ಕಾಕು ಹಳೆಯದನ್ನೇ ಒಗೆದು ಒಣಗಿಸಿ ಹಾಕಿ, ಉಳಿದದ್ದನ್ನು ಡಬ್ಬಿಗೆ ಸೇರಿಸಿದರು. ತಾನ್ಹಾ ಪೋಳಾ ಹಬ್ಬದ ದಿನ ನಾಗಪುರದ ಮಕ್ಕಳು ಮರದ ಎತ್ತನ್ನು ಎಳೆದುಕೊಂಡು ಮನೆಮನೆಗೆ ಹೋಗಿ ಚಿಲ್ಲರೆ ಪಡೆಯುತ್ತಾರಲ್ಲ, ಪಮ್ಮಿ ಆ ಚಿಲ್ಲರೆಯನ್ನೂ ತಂದು ಅದರಲ್ಲೇ ಸುರಿದಳು. ಯಾರಾದರೂ ಕೇಳಿದರೆ ಸಾಕು, ನಾವು ಹೈದರಾಬಾದಿಗೆ ಹೋಗುವವರು ಎನ್ನುತ್ತಿದ್ದಳು.

ಒಂದು ತೊಡಕಿತ್ತು. ಟಿಕೆಟ್ ವಯಸ್ಸಿನ ಮೇಲಲ್ಲ, ಎತ್ತರದ ಮೇಲೆ. ಕಾಗದದಲ್ಲಿ ಒಂದು ಅಳತೆ ಹಾಕಿದ್ದರು. ಅದಕ್ಕಿಂತ ಗಿಡ್ಡಗಿದ್ದ ಮಕ್ಕಳಿಗೆ ಅರ್ಧ ಟಿಕೆಟ್, ಆದರೆ ತಲೆಕೆಳಗಾಗುವ ರೈಲು ಹತ್ತಲು ಬಿಡುವುದಿಲ್ಲ. ಅದಕ್ಕಿಂತ ಎತ್ತರವಾದರೆ ಪೂರ್ತಿ ಟಿಕೆಟ್, ಆ ರೈಲೂ ಉಂಟು. ಕಾಕು ಟೇಪು ಹಿಡಿದು ಆ ಅಳತೆಯನ್ನು ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಇಳಿಸಿದರು. ಕಾಕಾ ಶೆಡ್ಡಿನಿಂದ ತಂದಿದ್ದ ಕೆಂಪು ಬಣ್ಣದಲ್ಲಿ ದಪ್ಪನೆ ಗೆರೆ ಎಳೆದರು. ಪಮ್ಮಿಯನ್ನು ನಿಲ್ಲಿಸಿ ನೋಡಿದರೆ ಅವಳ ನೆತ್ತಿ ಆ ಗೆರೆಗೆ ನಾಲ್ಕು ಬೆರಳು ಕೆಳಗೆ.

ಅಲ್ಲಿಂದ ಅವ್ವ, ಮಗಳ ಕುಸ್ತಿ ಶುರುವಾಯಿತು. ಅರ್ಧ ಟಿಕೆಟ್ಟಿಗೇ ಮುಗಿಯಲಿ, ಡಬ್ಬಿ ತುಂಬುವವರೆಗೆ ಮಗಳು ಗೆರೆ ದಾಟಬಾರದು ಎಂದು ಅವ್ವ. ಡಬ್ಬಿ ತುಂಬುವುದರೊಳಗೆ ದಾಟಲೇಬೇಕು ಎಂದು ಮಗಳು. ತಿಂಗಳು ತಿಂಗಳು ಕಾಕಾನ ಪಗಾರದ ದಿನ ಅಳತೆ, ನೆತ್ತಿ ಮುಟ್ಟಿದಲ್ಲಿ ಒಂದು ಪೆನ್ಸಿಲ್ ಗೆರೆ. ನಾನೂ ತಪ್ಪದೆ ಹಾಜರಿರುತ್ತಿದ್ದೆ, ಅದು ನಮಗೊಂದು ತಮಾಷೆ. ಪಮ್ಮಿ ಚೌಕಟ್ಟಿಗೆ ಬೆನ್ನು ಕೊಟ್ಟು ನಿಂತು ಮೆಲ್ಲಗೆ ಹಿಮ್ಮಡಿ ಎತ್ತುವಳು. ಕಾಕು ಅವಳ ತಲೆಯ ಮೇಲೆ ಅಂಗೈ ಇಟ್ಟು ಒತ್ತುವರು.

“ಹಿಮ್ಮಡ ಕೆಳಗ! ಕಳ್ಳಿ, ಹಿಮ್ಮಡ ಕೆಳಗ ಇಡು.”

“ಒತ್ತಬ್ಯಾಡವಾ, ನಾ ಗಿಡ್ಡ ಆಕ್ಕೀನಿ!”

“ಆಗು. ಇನ್ನೊಂದ ಬ್ಯಾಸಗಿ ಮಟಾ ಬೆಳಿಬ್ಯಾಡ ನನ್ನವ್ವಾ, ಆಮ್ಯಾಲ ಬೇಕಾದ್ರ ಮಾಳಗಿ ಮುಟ್ಟು.”

ನಾವೆಲ್ಲ ನಗುತ್ತಿದ್ದೆವು. ಹಾಗೆಂದು ಕಾಕು ಮಗಳಿಗೆ ಹಾಲು ತಪ್ಪಿಸಿದವರಲ್ಲ, ತುಪ್ಪ ತಪ್ಪಿಸಿದವರಲ್ಲ. ಬಾಯಲ್ಲಿ ಬೆಳಿಬ್ಯಾಡ ಎನ್ನುವರು, ಕೈಯಲ್ಲಿ ಇನ್ನೊಂದು ಚಮಚ ತುಪ್ಪ ಬಡಿಸುವರು. ಪಮ್ಮಿ ಕಿಟಕಿಯ ಸರಳಿಗೆ ಜೋತು ಬಿದ್ದು ಉದ್ದವಾಗಲು ನೋಡುವಳು. ಆ ಮನೆಯಲ್ಲಿ ಅಷ್ಟು ಸಂತೋಷವನ್ನು ನಾನು ಮತ್ತೆ ಕಾಣಲಿಲ್ಲ.

ಆ ಮಳೆಗಾಲದಲ್ಲಿ ಪೆನ್ಸಿಲ್ ಗೆರೆ ನಿಂತುಬಿಟ್ಟಿತು. ಹಿಂದಿನ ತಿಂಗಳು ಎಲ್ಲಿತ್ತೋ ಅಲ್ಲೇ. ಅದರ ಮುಂದಿನ ತಿಂಗಳೂ ಅಲ್ಲೇ. ಒಂದರ ಮೇಲೊಂದು ಎಳೆದೆಳೆದು ಆ ಜಾಗ ಕಪ್ಪಾಗಿತ್ತು. ಪಮ್ಮಿ ಮುಖ ಊದಿಸಿಕೊಂಡಳು. ಕಾಕುವಿಗೆ ಮಾತ್ರ ಹಿಗ್ಗೇ ಹಿಗ್ಗು. ಅಮ್ಮನನ್ನು ಕರೆದು ತೋರಿಸಿದರು. “ನನ್ನ ಮಗಳು ಶ್ಯಾಣ್ಯಾಕಿ ನೋಡ್ರಿ ಅಕ್ಕಾರ. ಅವ್ವನ ಕಷ್ಟ ತಿಳದು ಅಲ್ಲೇ ನಿಂತಾಳ.”

“ಮಕ್ಕಳು ಹೀಗೇ ಒಂದಷ್ಟು ದಿನ ನಿಂತು ಆಮೇಲೆ ದಿಢೀರಂತ ಬೆಳೀತಾರೆ, ನೋಡ್ತಾ ಇರಿ” ಎಂದರು ಅಮ್ಮ.

ದಸರೆಯ ಹೊತ್ತಿಗೂ ಗೆರೆ ಕದಲಲಿಲ್ಲ. ಬರುವ ಬೇಸಿಗೆಗೆ ಡಬ್ಬಿ ತುಂಬುವುದು ಖಾತ್ರಿಯಾಗಿತ್ತು, ಅರ್ಧ ಟಿಕೆಟ್ಟೂ ಖಾತ್ರಿ. ಕಾಕು ಸ್ಟೇಷನ್ ಹತ್ತಿರದ ಟೇಕಡಿ ಗಣಪತಿಗೆ ಹೋಗಿ ಕಾಯಿ ಒಡೆಸಿ ಬಂದರು. ನಾನೂ ಜೊತೆಗಿದ್ದೆ. ಕಣ್ಣು ಮುಚ್ಚಿ ಏನೋ ಬೇಡಿಕೊಂಡರು. ಹೊರಗೆ ಬಂದು ಚಪ್ಪಲಿ ಮೆಟ್ಟುತ್ತ, ಮಗಳು ಬೇಸಿಗೆವರೆಗೆ ಹೀಗೇ ಇದ್ದರೆ ಇನ್ನೊಂದು ಕಾಯಿ ಎಂದು ಹರಕೆ ಹೊತ್ತದ್ದಾಗಿ ನನಗೆ ಹೇಳಿ ನಕ್ಕರು…

ಚಳಿ ಶುರುವಾದಾಗ ಒಂದು ಬೆಳಿಗ್ಗೆ ಪಮ್ಮಿಯ ಕಣ್ಣಿನ ರೆಪ್ಪೆಗಳು ಬಾತಿದ್ದವು. ಸೊಳ್ಳೆ ಕಚ್ಚಿರಬೇಕು ಅಂದುಕೊಂಡೆವು. ಆಮೇಲೆ ಪಾದ ಬಾತಿತು. ಶಾಲೆಯ ಮೆಟ್ಟಿಲು ಹತ್ತಿದರೆ ಏದುಸಿರು. ರೈಲ್ವೆ ದವಾಖಾನೆಯವರು ನೋಡಿ ಕೂಡಲೇ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಪರೀಕ್ಷೆಗಳಾದವು. ಅವಳ ಎರಡೂ ಕಿಡ್ನಿ ಹುಟ್ಟಿನಿಂದಲೇ ಸಣ್ಣವಂತೆ, ಈಗ ಸೋಲುತ್ತಿದ್ದವು.

ಅಂದು ಸಂಜೆ ಕಾಕು ನಮ್ಮ ಅಡುಗೆಮನೆಗೆ ಬಂದು ನೆಲದ ಮೇಲೆ ಕೂತರು. ಅಮ್ಮ ಕೊಟ್ಟ ಚಹಾ ಮುಟ್ಟಲಿಲ್ಲ. ಡಾಕ್ಟರು ಕೇಳಿದರಂತೆ, ಹುಡುಗಿ ಬೆಳೆಯುವುದು ನಿಂತದ್ದು ಯಾವಾಗಿನಿಂದ ಎಂದು. ಈ ಕಾಯಿಲೆಯಲ್ಲಿ ಮಕ್ಕಳ ಬೆಳವಣಿಗೆ ನಿಲ್ಲುತ್ತದೆ, ಆದರೆ ಯಾವಾಗ ನಿಂತಿತೆಂದು ಮನೆಯವರು ಸರಿಯಾಗಿ ಹೇಳುವುದು ಕಡಿಮೆ ಎಂದರಂತೆ. ಕಾಕು ಹೇಳಿದರು, ಯಾವ ಪಗಾರದ ದಿನ ಕೊನೆಯ ಬಾರಿ ಗೆರೆ ಮೇಲೆ ಹೋಯಿತು, ಯಾವಾಗಿನಿಂದ ಅಲ್ಲೇ ನಿಂತಿತು. ಡಾಕ್ಟರು ಬರೆದುಕೊಂಡು, ಮಗಳ ಮೇಲೆ ಇಷ್ಟು ನಿಗಾ ಇಟ್ಟ ತಾಯಿಯನ್ನು ನಾನು ನೋಡಿಲ್ಲ ಎಂದರಂತೆ.

“ಶಾಬಾಸ್ ಅಂದ್ರು ಅಕ್ಕಾರ ನನಗ” ಎಂದರು ಕಾಕು. “ಬೆಳೀಲಿಲ್ಲಂತ ಕಾಯಿ ಒಡದು ಬಂದಾಕಿ ನಾ. ಇನ್ನೊಂದು ಒಡಸ್ತೀನಂತ ಹರಕಿ ಹೊತ್ತೀನಿ. ಅದನ್ನ ಹೆಂಗ ಹೇಳ್ಲಿ ಅವರಿಗೆ?”

ಅಮ್ಮ ಅವರ ಬೆನ್ನು ಸವರುತ್ತ ಕೂತರು. ಮೊದಲೇ ಗೊತ್ತಾಗಿದ್ದರೂ ಹೆಚ್ಚೇನೂ ಮಾಡಲಾಗುತ್ತಿರಲಿಲ್ಲ ಎಂದು ಡಾಕ್ಟರೇ ಆಮೇಲೆ ಕಾಕಾನಿಗೆ ಬಿಡಿಸಿ ಹೇಳಿದರು. ಅಮ್ಮ ಹೇಳಿದರು, ಅಪ್ಪ ಹೇಳಿದರು. ಕಾಕು ಹೂಂ ಎನ್ನುತ್ತಿದ್ದರು. ನಂಬಲಿಲ್ಲ. ತನ್ನ ಬಾಯಿಂದ ಹೊರಟ ಮಾತೇ ಮಗಳ ಮೈಗೆ ಹತ್ತಿತು ಎಂದು ಅವರ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಪಗಾರದ ದಿನದ ಅಳತೆ ನಿಂತುಹೋಯಿತು. ಅಡುಗೆಮನೆಗೆ ಹೋಗುವಾಗ ಕಾಕು ಆ ಚೌಕಟ್ಟಿನ ಕಡೆ ನೋಡದೆ ದಾಟುತ್ತಿದ್ದರು.

ಚಿಕಿತ್ಸೆಯ ಖರ್ಚು ರೈಲ್ವೆಯದೇ. ಆದರೂ ಓಡಾಟಕ್ಕೆ, ಹೊರಗಿನ ಊಟಕ್ಕೆ ದುಡ್ಡು ಬೇಕಲ್ಲ. ಒಮ್ಮೆ ಆಟೋದವನಿಗೆ ಕೊಡಲು ಚಿಲ್ಲರೆ ಇಲ್ಲದೆ ಕಾಕಾ ಹಪ್ಪಳದ ಡಬ್ಬಿಗೆ ಕೈ ಹಾಕಿದರು. “ಅದನ್ನ ಮುಟ್ಟಬ್ಯಾಡ್ರಿ” ಎಂದ ಕಾಕುವಿನ ದನಿ ಗೋಡೆಯಾಚೆ ನಮಗೂ ಕೇಳಿಸಿತು. ಆಸ್ಪತ್ರೆಯಿಂದ ಬಂದು ಮಗಳನ್ನು ಮಲಗಿಸಿ ರೊಟ್ಟಿಗೆ ಕೂರುತ್ತಿದ್ದರು. ಮೊದಲಿಗಿಂತ ಹೆಚ್ಚು ಬಡಿಯುತ್ತಿದ್ದರು. ಪಮ್ಮಿಯದು ಒಂದೇ ಪ್ರಶ್ನೆ. ಹೋಗುವುದು ಯಾವಾಗ?

ಆ ಬೇಸಿಗೆ ಆಸ್ಪತ್ರೆಯಲ್ಲೇ ಕಳೆಯಿತು. ಮರು ಚಳಿಗಾಲದಲ್ಲಿ ಅವಳು ತುಸು ಗೆಲುವಾದಳು. ಡಾಕ್ಟರು ಎರಡು ದಿನ ಹೋಗಿ ಬನ್ನಿ, ಆದರೆ ಮೈ ಕುಲುಕುವ ಆಟ ಯಾವುದೂ ಬೇಡ ಎಂದರು. ಈಗ ಯಾಕೆ ಆ ಉಸಾಬರಿ ಎಂದು ಕಾಕಾ ಹಿಂಜರಿದರು. ಕಾಕು ಒಂದೇ ಮಾತು ಹೇಳಿದರು, “ಪಾಸ್ ತಗಸ್ರಿ.” ನೋಡೋಣ ಎನ್ನುವ ನಮ್ಮ ಅಪ್ಪ ಕೂಡ ಈ ಸಲ ಮರುಮಾತಿಲ್ಲದೆ ನಮ್ಮ ಪಾಸು ತೆಗೆಸಿದರು.

ರಾತ್ರಿಯ ರೈಲಿಗೆ ಹೋಗಿ, ಸ್ಟೇಷನ್ನಿನಲ್ಲೇ ಮುಖ ತೊಳೆದು, ಪಾರ್ಕಿನ ಗೇಟಿನ ಹೊರಗಿನ ಮೆಟ್ಟಿಲ ಮೇಲೆ ಕೂತು ರೊಟ್ಟಿ ತಿಂದೆವು. ಎಲ್ಲ ಕಾಕು ಎರಡು ವರ್ಷದ ಹಿಂದೆ ಬೆರಳು ಮಡಚಿ ಹೇಳಿದಂತೆಯೇ. ಪಮ್ಮಿ ಎರಡು ವರ್ಷದ ಹಿಂದಿನ ಹಳದಿ ಫ್ರಾಕ್ ಹಾಕಿಕೊಂಡಿದ್ದಳು, ಅದು ಅವಳಿಗೆ ಸರಿಯಾಗಿಯೇ ಹಿಡಿಸಿತ್ತು. ಔಷಧಿಗೆ ಮುಖ ಮಾತ್ರ ದುಂಡಗಾಗಿತ್ತು. ಕಾಕು ಹಪ್ಪಳದ ಡಬ್ಬಿಯನ್ನೇ ಕೈಚೀಲದಲ್ಲಿಟ್ಟು ತಂದಿದ್ದರು.

ಟಿಕೆಟ್ ಕಿಟಕಿಯ ಪಕ್ಕದಲ್ಲಿ ಮರದ ಹಲಗೆಯ ಕರಡಿಯೊಂದು ಕೈ ಚಾಚಿ ನಿಂತಿತ್ತು. ಆ ಕೈ ಕೆಳಗೆ ನುಸುಳುವ ಮಕ್ಕಳಿಗೆ ಅರ್ಧ ಟಿಕೆಟ್, ಕೈಗೆ ಹಳದಿ ಕಾಗದದ ಪಟ್ಟಿ. ದೊಡ್ಡವರಿಗೆ ಹಸಿರು ಪಟ್ಟಿ. ಟೋಪಿ ಹಾಕಿದ ಹುಡುಗಿಯೊಬ್ಬಳು ಮಕ್ಕಳನ್ನು ಒಬ್ಬೊಬ್ಬರಾಗಿ ನಿಲ್ಲಿಸಿ ನೋಡುತ್ತಿದ್ದಳು. ಪಮ್ಮಿಯ ಸರದಿ ಬಂತು. ಅವಳು ಹೋಗಿ ಕರಡಿಯ ಕೈ ಕೆಳಗೆ ಸುಮ್ಮನೆ ನಿಂತಳು. ಪಾದ ಎರಡೂ ನೆಲಕ್ಕೆ ಊರಿದ್ದವು. ಕಾಕು ಫ್ರಾಕ್ ಸರಿಮಾಡುವವರಂತೆ ಅವಳ ಮುಂದೆ ಮಂಡಿಯೂರಿದರು. ನಾನು ಪಕ್ಕದಲ್ಲೇ ಇದ್ದೆ, ನನಗೆ ಕೇಳಿಸಿತು.

“ಹಿಮ್ಮಡ ಎತ್ತವ್ವಾ… ಎತ್ತು ನನ್ನವ್ವಾ.”

ಪಮ್ಮಿ ಅವ್ವನ ಮುಖ ನೋಡಿದಳು. ನಂಬಿಕೆ ಬರಲಿಲ್ಲವೇನೋ. ಆಮೇಲೆ ಕಾಕುವಿನ ಹೆಗಲು ಹಿಡಿದುಕೊಂಡು ಹಿಮ್ಮಡಿ ಎತ್ತಿದಳು, ಎಷ್ಟಾಗುತ್ತದೋ ಅಷ್ಟು. ಕರಡಿಯ ಕೈ ಇನ್ನೂ ಮೇಲೆಯೇ ಇತ್ತು.

ಟೋಪಿಯ ಹುಡುಗಿ ನಕ್ಕಳು. “ಆಂಟೀ, ಹಾಫ್ ಮೇಂ ಹೋ ಜಾಯೇಗಾ. ಆಪಕಾ ಫಾಯದಾ ಹೈ.”

“ನಹೀಂ” ಎಂದರು ಕಾಕು. “ಫುಲ್ ದೋ. ಬಡೀ ಹೈ ಮೇರೀ ಬೇಟೀ.”

ದೊಡ್ಡವಳೆಂದರೂ ಎತ್ತರ ಸಾಲದೆ ಪೂರ್ತಿ ಟಿಕೆಟ್ ಕೊಡಲು ಬರುವುದಿಲ್ಲ ಎಂದಳು ಅವಳು. ಹಿಂದಿನ ಸಾಲಿನವರು ಗೊಣಗಿದರು. ಕಾಕಾ ಮೆಲ್ಲಗೆ ಸೆರಗು ಜಗ್ಗಿದರು. ಕಾಕು ಡಬ್ಬಿಯ ಮುಚ್ಚಳ ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟರು. ಇಂಗಿನ ವಾಸನೆ ಗಮ್ಮೆಂದಿತು. ಬುಟ್ಟಿ ಕಿತ್ತಳೆಗೆ ಅರ್ಧ ಗಂಟೆ ಚೌಕಾಸಿ ಮಾಡುವ ಹೆಂಗಸು, ಹೆಚ್ಚು ದುಡ್ಡು ತಗೋ ಎಂದು ಜಗಳಕ್ಕೆ ನಿಂತಿದ್ದರು. ಆ ಹುಡುಗಿ ಪಮ್ಮಿಯ ದುಂಡು ಮುಖವನ್ನೂ, ಸೂಜಿ ಚುಚ್ಚಿ ಚುಚ್ಚಿ ಕಪ್ಪಾದ ಕೈಯನ್ನೂ ನೋಡಿದಳು. ಪೂರ್ತಿ ಟಿಕೆಟ್ ಹರಿದು, ಆ ಕೈಗೆ ಹಸಿರು ಪಟ್ಟಿ ಕಟ್ಟಿದಳು.

“ಅವ್ವಾ, ನಾ ದೊಡ್ಡಾಕಿ ಆದ್ನೇನ?”

“ಹೂಂ ಮತ್ತ. ನೋಡಿಲ್ಲಿ, ಹಸರ ಪಟ್ಟಿ.”

ಪಮ್ಮಿ ಆ ರೈಲು ಹತ್ತಲಿಲ್ಲ. ಡಾಕ್ಟರು ಬೇಡವೆಂದದ್ದು ಅವಳಿಗೆ ಗೊತ್ತಿತ್ತು. ನಾವು ಅದರ ಮುಂದೆ ಬಂದಾಗ ಅವಳೇ “ನೀ ಹತ್ತಿ ಬಾ, ನಾ ನೋಡ್ತೀನಿ” ಎಂದು ನನ್ನನ್ನು ಕಳಿಸಿದಳು. ಮೇಲಿನಿಂದ ಕಂಡಿತು, ಕೆಳಗೆ ಬೆಂಚಿನ ಮೇಲೆ ಅವ್ವ, ಮಗಳು. ಪಮ್ಮಿ ಹಸಿರು ಪಟ್ಟಿಯ ಕೈ ಎತ್ತಿ ಬೀಸುತ್ತಿದ್ದಳು. ಇಳಿದು ಬಂದ ಮೇಲೆ ಹೆಂಗಿತ್ತು ಎಂದು ಕೇಳಿದಳು. ತಿಂದ ರೊಟ್ಟಿಯೆಲ್ಲ ಬಾಯಿಗೆ ಬಂತು ಎಂದೆ. ಕೆಮ್ಮು ಬರುವವರೆಗೆ ನಕ್ಕಳು. ಸಂಜೆ ಮೂವರೂ ಕೆರೆಯ ಸುತ್ತ ಹೋಗುವ ಪುಟ್ಟ ರೈಲಿನಲ್ಲಿ ಕೂತೆವು. ಅದು ನಡೆಯುವುದಕ್ಕಿಂತ ನಿಧಾನ. ಪಮ್ಮಿ ಕಾಕುವಿನ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋದಳು. ಕಾಕು ಇಳಿಯಲಿಲ್ಲ. ಎರಡು ಸುತ್ತು, ಮೂರು ಸುತ್ತು… ನಡೆಸುವವನೂ ಇಳಿಯಿರಿ ಎನ್ನಲಿಲ್ಲ.

ಮಳೆಗಾಲ ಮುಗಿಯುವ ಮೊದಲೇ ಪಮ್ಮಿ ಹೋದಳು. ಹಸಿರು ಪಟ್ಟಿ ಅಷ್ಟು ತಿಂಗಳೂ ಅವಳ ಕೈಯಲ್ಲೇ ಇತ್ತು. ಬಣ್ಣ ಹೋಗಿ, ಅಂಚು ಹರಿದು, ಮತ್ತೆ ಮತ್ತೆ ಟೇಪು ಅಂಟಿಸಿಕೊಂಡು. ಕೊನೆಗೂ ಅದನ್ನು ಬಿಚ್ಚಲು ಕಾಕು ಯಾರಿಗೂ ಬಿಡಲಿಲ್ಲ. ಅವಳ ಜೊತೆಯೇ ಹೋಯಿತು.

ಕಾಕಾ ಹುಬ್ಬಳ್ಳಿಗೆ ವರ್ಗ ಕೇಳಿದರು, ಕೆಲವು ತಿಂಗಳಲ್ಲಿ ಸಿಕ್ಕಿತು. ಸಾಮಾನು ಕಟ್ಟುವ ದಿನ ನಾನು ಕಾಕುವಿಗೆ ನೆರವಾಗಲು ಹೋಗಿದ್ದೆ. ಮನೆ ಖಾಲಿಯಾದ ಮೇಲೆ ಅವರು ಒಂದು ಬಾಟಲಿ ಟರ್ಪೆಂಟೈನ್ ತಂದು ನನ್ನ ಕೈಗೆ ಕೊಟ್ಟು, ಹಳೆ ಬಟ್ಟೆ ಅದ್ದಿ ಅಡುಗೆಮನೆಯ ಚೌಕಟ್ಟನ್ನು ಒರೆಸತೊಡಗಿದರು. ಕೆಂಪು ಗೆರೆ ಸುಲಭಕ್ಕೆ ಬಿಡಲಿಲ್ಲ. ಉಗುರಿನಿಂದ ಕೆರೆದರು. ಬೆರಳ ತುದಿಗಳೆಲ್ಲ ಕೆಂಪು. ಗೆರೆ ಪೂರ್ತಿ ಹೋದ ಮೇಲೆ ಬಟ್ಟೆ ಮಡಚಿಟ್ಟರು. ಕೆಳಗೆ ಪೆನ್ಸಿಲ್ ಗೆರೆಗಳು ಹಾಗೇ ಇದ್ದವು. ಇವನ್ನೂ ಒರೆಸಬೇಕಾ ಕಾಕು ಎಂದು ಕೇಳಿದೆ.

“ಬ್ಯಾಡ. ಆ ಗೆರಿ ನಂದಿತ್ತು. ಇವು ಆಕೀವು.”

ಅವರು ಹೋದ ಮೇಲೆ ಇಲಾಖೆಯವರು ಬಂದು ಕಿಟಕಿ ಬಾಗಿಲಿಗೆಲ್ಲ ಬಣ್ಣ ಹೊಡೆದರು. ಸರಕಾರಿ ಮನೆ, ಹೊಸಬರು ಬರುವವರಿದ್ದರು. ನಾನು ಶಾಲೆಯಿಂದ ಬರುವಷ್ಟರಲ್ಲಿ ಕೆಲಸ ಮುಗಿದಿತ್ತು.

ನಾನು ಇಲ್ಲೇ ಓದಿದೆ, ಸಿವಿಲ್ ಲೈನ್ಸಿನ ಆಫೀಸೊಂದರಲ್ಲಿ ಕೆಲಸ ಸಿಕ್ಕಿತು, ನಾಗಪುರದವನನ್ನೇ ಮದುವೆಯಾಗಿ ಇಲ್ಲೇ ಉಳಿದೆ. ಅಪ್ಪ ಅಮ್ಮ ನಿವೃತ್ತಿಯ ಮೇಲೆ ಮೈಸೂರಿಗೆ ಹೋದರು. ಕಾಕು ನನ್ನ ಮದುವೆಗೆ ರೊಟ್ಟಿಯ ಗಂಟು ಹೊತ್ತು ಬಂದಿದ್ದರು. ಅಜನಿಯ ಕಡೆ ಹೋಗೋಣವೇ ಎಂದರೆ ಬೇಡವೆಂದು ತಲೆಯಾಡಿಸಿದರು. ಮಗಳು ಹುಟ್ಟಿದಾಗ ಫೋನಿನಲ್ಲಿ ಬಾಣಂತನದ ಪಥ್ಯವೆಲ್ಲ ಹೇಳಿದ ಮೇಲೆ ಕೊನೆಗೆ ಸೇರಿಸಿದರು. “ಒಂದ ಮಾತು ನಡಸವ್ವಾ. ಕೂಸಿನ್ನ ಅಳೀಬ್ಯಾಡ. ತಾನ ಬೆಳೀತೈತಿ.” ಆ ಮಾತನ್ನು ನಾನು ಇಷ್ಟು ವರ್ಷ ನಡೆಸಿದೆ. ಹೋದ ವರ್ಷ ಕಾಕಾ ಫೋನ್ ಮಾಡಿ, ನಿಮ್ಮ ಕಾಕು ಹೋದಳವ್ವಾ ಎಂದರು. ಹೋಗುವ ಮುಂಚೆ ನಾಗಪುರದ ಮಾತೇನಾದರೂ ಆಡಿದರೇ ಎಂದು ಕೇಳಬೇಕೆನಿಸಿತ್ತು, ಕೇಳಲಿಲ್ಲ. ಕಾಕುವಿನ ತಪ್ಪೇನೂ ಇರಲಿಲ್ಲ ಎಂದು ಅವರಿಗೆ ಎಲ್ಲರೂ ಹೇಳಿದರು. ಅವರು ನಂಬುವಂತೆ ಹೇಳಲು ನಮ್ಮಲ್ಲಿ ಒಬ್ಬರಿಗೂ ಬರಲಿಲ್ಲ. ಅದು ನನಗೆ ಇವತ್ತಿಗೂ ಸಂಕಟ.

ಮಗಳು ಶಾಲೆಯಿಂದ ಬಂದದ್ದೇ ನಾನು ಅವಳ ಕೋಣೆಯಲ್ಲಿ ಕೂತಿರುವುದನ್ನೂ, ಬಾಗಿಲು ಪೂರ್ತಿ ತೆರೆದಿರುವುದನ್ನೂ ಕಂಡು ಅಲ್ಲೇ ನಿಂತಳು.

“ಮಮ್ಮಾ, ರಾಗಾವಲೀಸ್ ಕಾ?”

ಸಿಟ್ಟಿಲ್ಲ ಎಂದೆ. ಯಾಕೆ ಅಳೆದುಕೊಂಡೆ ಎಂದು ಕೇಳಿದೆ. ಗೆಳತಿಯರೆಲ್ಲ ರಜೆಗೆ ಪಾರ್ಕಿಗೆ ಹೋಗಿ ಬಂದಿದ್ದಾರಂತೆ, ದೊಡ್ಡ ರೈಡ್ ಹತ್ತಲು ಎತ್ತರ ಸಾಲಬೇಕಂತೆ. ಕನ್ನಡ, ಮರಾಠಿ ಕಲಸಿ ಒಂದೇ ಉಸಿರಿಗೆ ಹೇಳಿದಳು. ನಾನೂ ಹುಂಡಿಯಲ್ಲಿ ದುಡ್ಡು ಹಾಕುತ್ತಿದ್ದೇನೆ, ನಾವೂ ಹೋಗೋಣವೇ ಎಂದಳು.

“ಹೋಗೋಣ” ಎಂದೆ. ಅವಳ ಪೆನ್ಸಿಲ್ ತೆಗೆದುಕೊಂಡೆ. “ಬಾ, ನಿಂತುಕೋ. ನೀನೇ ಎಳೆದರೆ ಸೊಟ್ಟ ಬರುತ್ತೆ.”

ಬೆರಗಾಗಿ ನನ್ನ ಮುಖವನ್ನೇ ನೋಡುತ್ತ ಅವಳು ಚೌಕಟ್ಟಿಗೆ ಬೆನ್ನು ಕೊಟ್ಟು ನಿಂತಳು. ತಲೆಯ ಮೇಲೆ ಅಂಗೈ ಇಟ್ಟೆ, ಒತ್ತಲಿಲ್ಲ. ಕೈ ಕೆಳಗೆ ಆ ತಲೆ ಮೆಲ್ಲಗೆ ಮೇಲೇಳುತ್ತಿರುವುದು ತಿಳಿಯಿತು. ಬಗ್ಗಿ ನೋಡಿದೆ. ಹಿಮ್ಮಡಿ ಎರಡೂ ಎತ್ತಿದ್ದಳು.

ಇನ್ನೂ ಎತ್ತು ಎಂದೆ. ಎತ್ತಿದಳು. ಅಲ್ಲಿಗೇ ಗೆರೆ ಎಳೆದೆ.